ನೀರಹಕ್ಕಿಗಳ ನೆರೆಯಲ್ಲಿ: ಕಣ್ಣಿಗೆ ಪಥ್ಯ, ಮನಸ್ಸಿಗೆ ಎಚ್ಚರ



ಕಳೆದ ಸಂಚಿಕೆಯಲ್ಲಿ ನಾವು ಮೊಣಕಾಲು ನೋವಿನ ಕುರಿತು ಬರೆದಿದ್ದೆವು. ಈ ಬಾರಿ ಕಷಾಯ, ಚೂರ್ಣ, ತೈಲಗಳ ಮಾತು ಕಡಿಮೆ. ಹಕ್ಕಿಗಳ ಮಾತು ಹೆಚ್ಚು. ಆರೋಗ್ಯದ ಪುಟದಲ್ಲಿ ಹಕ್ಕಿಗಳಿಗೇನು ಕೆಲಸವೆಂದು ತಾವು ಕೇಳಬಹುದು. ನಮ್ಮ ರಕ್ತದೊತ್ತಡ ಇಳಿದದ್ದೂ, ಕಳೆದುಹೋಗಿದ್ದ ನಿದ್ರೆ ಮರಳಿದ್ದೂ ನೀರಹಕ್ಕಿಗಳ ನೆರೆಯಲ್ಲಿ. ವೈದ್ಯನಾಗಿ ಮೂವತ್ತೈದು ವರ್ಷ ಇತರರಿಗೆ ಬೋಧಿಸಿದ ಒಂದು ಪಾಠವನ್ನು ನಾವೇ ಕಲಿಯದಿದ್ದೆವೆಂಬುದು ತಿಳಿದದ್ದೂ ಅಲ್ಲಿಯೇ. ಆ ಪಾಠಕ್ಕೆ ನಾವು ತೆತ್ತ ಬೆಲೆಯನ್ನು ಮುಚ್ಚಿಡದೆ ಹೇಳುವುದಕ್ಕಾಗಿಯೇ ಈ ಲೇಖನ.

ನಿವೃತ್ತಿಯಾದ ಮೊದಲ ವರ್ಷ ನಮಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಮತ್ತೆ ನಿದ್ರೆ ಬಾರದೆ ಮೊಬೈಲನ್ನು ಕೈಗೆತ್ತಿಕೊಳ್ಳುತ್ತಿದ್ದೆವು. ಬೆಳಗಾಗುವ ವೇಳೆಗೆ ಕಣ್ಣು ಉರಿ, ಕುತ್ತಿಗೆ ಬಿಗಿತ, ತಲೆಭಾರ. ರೋಗಿಗಳಿಗೆ ಮೊಬೈಲ್ ದೂರವಿಡಿರೆಂದು ಹೇಳುತ್ತಿದ್ದ ನಾವೇ ಅದರ ಅಡಿಯಾಳಾಗಿದ್ದೆವು. ಆ ದಿನಗಳಲ್ಲಿ ನಮ್ಮ ಸೋದರಳಿಯ ಬೆಂಗಳೂರಿನಿಂದ ಒಂದು ಕಯಾಕನ್ನು ತಂದನು. ಗಾಳಿ ತುಂಬಿದರೆ ದೋಣಿ, ಗಾಳಿ ಬಿಟ್ಟರೆ ಮಡಿಸಿದ ಚೀಲ. ಇಬ್ಬರು ಹಿಂದೆ ಮುಂದೆ ಕುಳಿತು, ಎರಡೂ ತುದಿಗೆ ಅಲಗುಳ್ಳ ಹುಟ್ಟಿನಿಂದ ನಡೆಸಬಹುದಾದ ಪುಟ್ಟ ದೋಣಿ ಅದು. ಸಂಬಂಧಪಟ್ಟವರ ಅನುಮತಿ ಪಡೆದು ಅದನ್ನು ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಇಳಿಸಿದೆವು.

ದಡದಲ್ಲಿ ಬಲೆ ಬಿಡಿಸುತ್ತಿದ್ದ ವೃದ್ಧ ಮೀನುಗಾರರೊಬ್ಬರು, "ಇದೇನ್ರೀ ಡಾಕ್ಟರೇ?" ಎಂದು ಕೇಳಿದರು. "ಕಯಾಕ್" ಎಂದೆವು. "ಕಾಯಕನೋ? ಭಾಳ ಚಲೋ ಆತು ಬಿಡ್ರಿ. ರಿಟೈರ್ ಆದಮ್ಯಾಲೂ ಕಾಯಕ ಬಿಡಬಾರದು" ಎಂದು ಅವರು ನಕ್ಕರು. ಅಂದಿನಿಂದ ನಮ್ಮ ಮನೆಯಲ್ಲಿ ಆ ದೋಣಿಗೆ ಕಾಯಕವೆಂದೇ ಹೆಸರು.

ಹಿನ್ನೀರಿನ ಅತಿಥಿಗಳು

ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟು 1953ರಲ್ಲಿ ಸಿದ್ಧವಾಯಿತು. ಜಲಾಶಯ ತುಂಬಿದಾಗ ನೀರು ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ಬೇಸಿಗೆ ಸಮೀಪಿಸಿದಂತೆ ನೀರು ಇಳಿದು, ಕೆಸರಿನ ಬಯಲುಗಳೂ ನಡುಗಡ್ಡೆಗಳೂ ತಲೆಯೆತ್ತುತ್ತವೆ. ಈ ಏರಿಳಿತವೇ ಹಕ್ಕಿಗಳಿಗೆ ಅನ್ನದ ತಟ್ಟೆ. ಸಮೀಪದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯೂ, ಗದಗ ಜಿಲ್ಲೆಯ ಮಾಗಡಿ ಕೆರೆಯೂ 2024ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದವು. ಅದಕ್ಕೆ ಮುನ್ನ 2022ರಲ್ಲಿ ರಂಗನತಿಟ್ಟು ಆ ಗೌರವ ಪಡೆದಿತ್ತು. ನಮ್ಮ ಹಿರಿಯರು ಹೊಲಕ್ಕೆ ನೀರುಣಿಸಲೆಂದು ಕಟ್ಟಿದ ಕೆರೆಗಳು ಇಂದು ಲೋಕವೇ ಗುರುತಿಸುವ ಹಕ್ಕಿಗಳ ತಂಗುದಾಣಗಳಾಗಿರುವುದು ಹೆಮ್ಮೆಯ ಸಂಗತಿ.

ಕಯಾಕಿನಲ್ಲಿ ಕುಳಿತವನ ಕಣ್ಣು ನೀರಿನ ಮಟ್ಟಕ್ಕಿಂತ ಎರಡು ಮೂರು ಅಡಿ ಮಾತ್ರ ಎತ್ತರದಲ್ಲಿರುತ್ತದೆ. ಏರಿಯ ಮೇಲೆ ನಿಂತವನಿಗೆ ಕಾಣದ ಲೋಕ ಅಲ್ಲಿಂದ ಕಾಣುತ್ತದೆ. ಗುಳುಮುಳುಕವು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುತ್ತದೆ. ಹಾವಕ್ಕಿ ದೇಹವನ್ನೆಲ್ಲ ಮುಳುಗಿಸಿ ಕತ್ತನ್ನಷ್ಟೇ ಮೇಲೆತ್ತಿ ಸಾಗುತ್ತದೆ. ನೀರುಕಾಗೆಯ ಗರಿಗಳು ನೀರು ಹೀರುವುದರಿಂದ, ಅದು ಮುಳುಗಿ ಎದ್ದ ಬಳಿಕ ಬಂಡೆಯ ಮೇಲೆ ರೆಕ್ಕೆ ಹರವಿ ಬಿಸಿಲಿಗೆ ಒಡ್ಡುತ್ತದೆ. ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆತೆರೆದು ನೀರಿನಲ್ಲಿಟ್ಟು ಕಾಲಿನಿಂದ ಕೆಸರು ಕಲಕುತ್ತದೆ. ಮೀನು ಕೊಕ್ಕಿಗೆ ತಗುಲಿದ ಕ್ಷಣವೇ ಹಿಡಿಯುತ್ತದೆ. ಕಣ್ಣಿಗಿಂತ ಸ್ಪರ್ಶವನ್ನು ನಂಬಿ ಬದುಕುವ ಹಕ್ಕಿ ಅದು.

ಚಳಿಗಾಲದ ಅತಿಥಿಗಳಲ್ಲಿ ಪಟ್ಟೆತಲೆಯ ಹೆಬ್ಬಾತಿಗೆ ಅಗ್ರಸ್ಥಾನ. ಮಂಗೋಲಿಯ, ಟಿಬೆಟ್, ಲಡಾಖ್ ಪ್ರದೇಶಗಳ ಸರೋವರಗಳಲ್ಲಿ ಮರಿ ಮಾಡುವ ಈ ಹಕ್ಕಿ ಹಿಮಾಲಯವನ್ನು ದಾಟಿ ನಮ್ಮ ಬಯಲುಸೀಮೆಗೆ ಬರುತ್ತದೆ. ಏಳು ಸಾವಿರ ಮೀಟರಿಗೂ ಮೇಲೆ ಅದು ಹಾರಿದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಮನುಷ್ಯ ನಾಲ್ಕು ಹೆಜ್ಜೆಗೇ ಏದುಸಿರು ಬಿಡುತ್ತಾನೆ. ಹೆಬ್ಬಾತಿನ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ಅದರ ಶ್ವಾಸಕೋಶವೂ ಹೃದಯವೂ ಆ ಪಯಣಕ್ಕೆಂದೇ ಅಳವಟ್ಟಿವೆ.

ಹುಟ್ಟು ಹಾಕುವುದೂ ವ್ಯಾಯಾಮವೇ

ಆಯುರ್ವೇದವು ವ್ಯಾಯಾಮಕ್ಕೆ ಅರ್ಧಶಕ್ತಿಯ ಮಿತಿಯನ್ನು ಹೇಳಿದೆ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ವ್ಯಯವಾಯಿತೆಂದು ತಿಳಿಯಬೇಕು. ಅಲ್ಲಿಗೆ ನಿಲ್ಲಿಸಬೇಕು. ವರ್ಷದಲ್ಲಿ ದೇಹಬಲ ಅತ್ಯಧಿಕವಾಗಿರುವುದು ಹೇಮಂತ ಮತ್ತು ಶಿಶಿರ ಋತುಗಳಲ್ಲಿ. ವಲಸೆ ಹಕ್ಕಿಗಳು ನಮ್ಮ ಕೆರೆಗಳಿಗೆ ಬರುವುದೂ ಆ ಋತುಗಳಲ್ಲಿಯೇ. ಗ್ರೀಷ್ಮದಲ್ಲಿ ಬಲ ಕುಗ್ಗುತ್ತದೆ. ಆಗ ಬಿಸಿಲನ್ನೂ ವ್ಯಾಯಾಮವನ್ನೂ ತಗ್ಗಿಸಬೇಕೆಂಬುದು ಋತುಚರ್ಯೆಯ ವಿಧಿ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಪ್ರಸಂಗಕ್ಕೆ ಇದೇ ಕೀಲಿಕೈ.

ಎರಡು ತಿಂಗಳು ವಾರಕ್ಕೆ ಮೂರು ದಿನ ಮುಂಜಾನೆ ಒಂದು ಗಂಟೆ ನೀರಿನ ಮೇಲಿದ್ದೆವು. ನಸುಕಿನಲ್ಲಿ ಏಳಬೇಕಾದ್ದರಿಂದ ರಾತ್ರಿ ಬೇಗ ಮಲಗುತ್ತಿದ್ದೆವು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದು, ದೂರದ ದಿಗಂತವನ್ನು ನೋಡಿ, ಮೈ ದಣಿದುದರಿಂದ ನಿದ್ರೆ ತಾನಾಗಿಯೇ ಬಂದಿತು. ರಕ್ತದೊತ್ತಡ ತಗ್ಗಿದುದನ್ನು ನಮ್ಮ ವೈದ್ಯಮಿತ್ರರೇ ಗುರುತಿಸಿದರು. ಇಷ್ಟರಲ್ಲಿ ನಿಲ್ಲಿಸಿದ್ದರೆ ಇದು ಸುಖದ ಕಥೆಯಾಗುತ್ತಿತ್ತು.

ಆ ಒಂದು ಬೆಳಗು

ಅಳಿಯನ ಕ್ಯಾಮೆರಾ ನಮ್ಮ ಕೈಗೆ ಬಂದ ಮೇಲೆ ನೋಡುವ ಸುಖ ಹಿಡಿಯುವ ಹಂಬಲವಾಯಿತು. ಮೊದಲು ಹಕ್ಕಿ ಕಂಡರೆ ಸಾಕಿತ್ತು. ಬಳಿಕ ಚಿತ್ರ ಬೇಕಾಯಿತು. ಅನಂತರ ಎಲ್ಲರಿಗಿಂತ ಹತ್ತಿರದ ಚಿತ್ರ ಬೇಕಾಯಿತು. ಕಯಾಕ್ ಎಂಬುದು ಉತ್ತರ ಧ್ರುವದ ಕಡೆಯ ಇನ್ಯೂಟ್ ಜನರು ಸೀಲ್ ಪ್ರಾಣಿಯ ಚರ್ಮ ಹೊದಿಸಿ ಕಟ್ಟುತ್ತಿದ್ದ ಬೇಟೆಯ ದೋಣಿ. ಸದ್ದಿಲ್ಲದೆ ಪ್ರಾಣಿಯ ಸಮೀಪ ಹೋಗುವುದಕ್ಕೆಂದೇ ಅದು ಹುಟ್ಟಿದ್ದು. ಕ್ಯಾಮೆರಾ ಹಿಡಿದ ನಮ್ಮೊಳಗೂ ಬೇಟೆಗಾರನೊಬ್ಬ ಎದ್ದು ಕುಳಿತಿದ್ದನು.

ಮೂರು ವರ್ಷಗಳ ಹಿಂದೆ, ಮಾರ್ಚ್ ಕೊನೆಯ ವಾರ. ನೀರು ಇಳಿದು ಒಂದು ಮರಳ ದಿಬ್ಬ ಮೇಲೆದ್ದಿತ್ತು. ಅದರ ಮೇಲೆ ಹತ್ತಾರು ನದಿ ರೀವಗಳು. ರಿವರ್ ಟರ್ನ್ ಎಂದು ಪಕ್ಷಿಪ್ರಿಯರು ಕರೆಯುವ ಈ ಹಕ್ಕಿಗೆ ಕಪ್ಪು ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಇದು ಗೂಡು ಕಟ್ಟುವುದಿಲ್ಲ. ಬರಿ ಮರಳಿನಲ್ಲಿ ಸಣ್ಣ ಗುಳಿ ಮಾಡಿ ಮೊಟ್ಟೆಯಿಡುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಗಳು ಈ ಹಕ್ಕಿಯ ಸಂತಾನಕ್ಕೆ ಹೆಸರಾಗಿವೆ. ಜಗತ್ತಿನಲ್ಲಿ ಇದರ ಸಂಖ್ಯೆ ಕುಸಿಯುತ್ತಿದೆ. ಅಳಿವಿನ ಅಪಾಯಕ್ಕೆ ಸಿಲುಕಬಹುದಾದ ಹಕ್ಕಿಗಳ ಸಾಲಿನಲ್ಲಿ ಇದನ್ನು ಸೇರಿಸಿದ್ದಾರೆ.

ಎಂಟು ಗಂಟೆಗೆ ದಡ ಸೇರುವುದು ನಮ್ಮ ನಿಯಮವಾಗಿತ್ತು. ಅಂದು ಒಂಬತ್ತಾಗಿದ್ದರೂ ದಿಬ್ಬದತ್ತ ದೋಣಿ ತಿರುಗಿಸಿದೆವು. ಹಕ್ಕಿಗಳೆಲ್ಲ ಎದ್ದು ಕಿರುಚುತ್ತ ನಮ್ಮ ತಲೆಯ ಮೇಲೆ ಎರಗತೊಡಗಿದವು. ದೂರದಲ್ಲಿ ಹರಿಗೋಲಿನಲ್ಲಿದ್ದ ಅದೇ ವೃದ್ಧರು, "ಡಾಕ್ಟರೇ, ಅವು ಬೈಯಾಕತ್ತಾವ್ರೀ ನಿಮಗ! ಈ ಕಡೆ ಬರ್ರಿ!" ಎಂದು ಕೂಗಿದರು. "ಮಾಮಾ, ಮೊಟ್ಟೆ ಇರಬಹುದು, ತಿರುಗೋಣ" ಎಂದು ಅಳಿಯನೂ ಹೇಳಿದನು. ಮೊಟ್ಟೆಯಿದೆಯೆಂಬುದು ನಮಗೂ ತಿಳಿದಿತ್ತು. ಎದುರುಬಿಸಿಲಿನಲ್ಲಿ ಆ ಹಕ್ಕಿಗಳ ರೆಕ್ಕೆಗಳು ಪಾರದರ್ಶಕವಾಗಿ ಹೊಳೆಯುತ್ತಿದ್ದವು. "ಇನ್ನೊಂದೇ ಚಿತ್ರ" ಎಂದೆವು. ಆ ಇನ್ನೊಂದೇ ಚಿತ್ರಕ್ಕೆ ಕಾಲು ಗಂಟೆ ಹಿಡಿಯಿತು.

ತಾಯಿ ಎದ್ದುಹೋದ ಮೇಲೆ ಮರಳ ಮೇಲಿನ ಮೊಟ್ಟೆ ಬಿಸಿಲಿಗೆ ಬೇಯತೊಡಗುತ್ತದೆ. ನಾವು ನೋಡುತ್ತಿದ್ದಂತೆ ಒಂದು ಕಾಗೆ ಇಳಿದು, ಗುಳಿಯೊಂದರಿಂದ ಮೊಟ್ಟೆಯನ್ನು ಕಚ್ಚಿ ಹಾರಿತು. ಮತ್ತೆ ಬಂದಿತು. ನಮ್ಮ ಬೆರಳು ಗುಂಡಿಯ ಮೇಲೆಯೇ ಇದ್ದುದರಿಂದ ಕೊಕ್ಕಿನಲ್ಲಿ ಮೊಟ್ಟೆ ಹಿಡಿದ ಕಾಗೆಯ ಚಿತ್ರ ಬಹು ಸ್ಪಷ್ಟವಾಗಿ ಮೂಡಿತು. ಅಷ್ಟರಲ್ಲಿ ನಮ್ಮ ಕೈ ನಡುಗಿತು, ತಣ್ಣನೆಯ ಬೆವರು ಸುರಿಯಿತು, ಕಣ್ಣು ಮಂಜಾಯಿತು. ಮೊದಲಿಗೆ ಅದು ಪಶ್ಚಾತ್ತಾಪವೆಂದೇ ಭಾವಿಸಿದೆವು. ಹುಟ್ಟು ಕೈಜಾರಿದಾಗ ಅಳಿಯನಿಗೆ ಅನುಮಾನ ಬಂದು, ಚೀಲದಲ್ಲಿದ್ದ ಬೆಲ್ಲದ ಚೂರನ್ನು ನಮ್ಮ ಬಾಯಿಗಿಟ್ಟು ನೀರು ಕುಡಿಸಿದನು.

ನಮಗೆ ಹನ್ನೆರಡು ವರ್ಷಗಳಿಂದ ಮಧುಮೇಹವಿದೆ. ನಮ್ಮ ಪದ್ಧತಿಯ ಔಷಧಿಯೊಂದಿಗೆ ಆಧುನಿಕ ಮಾತ್ರೆಯನ್ನೂ ಸೇವಿಸುತ್ತೇವೆ. ಅದನ್ನು ಹೇಳಲು ಸಂಕೋಚವಿಲ್ಲ. ಅಂದು ಮಾತ್ರೆ ನುಂಗಿದ್ದೆವು, ಉಪಾಹಾರ ಮಾಡಿರಲಿಲ್ಲ. ರಕ್ತದ ಸಕ್ಕರೆ ಕುಸಿದಿತ್ತು. ಒಬ್ಬರೇ ಇದ್ದಿದ್ದರೆ ಈ ಲೇಖನ ಬರೆಯಲು ನಾವು ಉಳಿಯುತ್ತಿದ್ದೆವೋ ಇಲ್ಲವೋ. ದಡಕ್ಕೆ ಬಂದಾಗ ಆ ವೃದ್ಧರು ನಮ್ಮನ್ನು ಗದರಲಿಲ್ಲ. ಕೈಹಿಡಿದು ಇಳಿಸಿ, ತಮ್ಮ ಬುತ್ತಿಯ ರೊಟ್ಟಿಯನ್ನು ಮುರಿದುಕೊಟ್ಟರು. ಅದು ಗದರಿಕೆಗಿಂತ ಭಾರವಾಗಿತ್ತು.

ಇದಕ್ಕೆ ಶಾಸ್ತ್ರವಿಟ್ಟ ಹೆಸರು

ರೋಗಗಳಿಗೆ ಮೂರು ಮೂಲ ಕಾರಣಗಳೆಂದು ಚರಕ ಸಂಹಿತೆ ಹೇಳುತ್ತದೆ. ಇಂದ್ರಿಯಗಳನ್ನು ಅತಿಯಾಗಿ, ಕಡಿಮೆಯಾಗಿ ಅಥವಾ ತಪ್ಪಾಗಿ ಬಳಸುವುದು ಒಂದು. ಕಾಲದ ಪರಿಣಾಮ ಇನ್ನೊಂದು. ಪ್ರಜ್ಞಾಪರಾಧ ಮತ್ತೊಂದು. ಬುದ್ಧಿ, ಧೈರ್ಯ, ಸ್ಮೃತಿಗಳು ಜಾರಿದಾಗ ಮನುಷ್ಯನು ಮಾಡುವ ತಪ್ಪೇ ಪ್ರಜ್ಞಾಪರಾಧ. ಇಲ್ಲಿ ಧೈರ್ಯವೆಂದರೆ ಎದೆಗಾರಿಕೆಯಲ್ಲ; ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ.

ಆ ಬೆಳಗಿನಲ್ಲಿ ಮೂರೂ ಸೇರಿದ್ದವು. ಕಣ್ಣಿನ ಆಸೆ ಮಿತಿ ಮೀರಿತ್ತು. ಗ್ರೀಷ್ಮದ ಬಾಗಿಲಿನ ಬಿಸಿಲನ್ನು ಕಡೆಗಣಿಸಿದ್ದೆವು. ತಿಳಿದೂ ತಿಳಿದೂ ಮುಂದುವರಿದಿದ್ದೆವು. ವೈದ್ಯನ ದೇಹಕ್ಕೂ ಹಕ್ಕಿಯ ಮೊಟ್ಟೆಗೂ ಒಂದೇ ತಪ್ಪು ಒಂದೇ ಗಳಿಗೆಯಲ್ಲಿ ಪೆಟ್ಟು ಕೊಟ್ಟಿತು. ನಮಗೆ ಬೆಲ್ಲ ಸಿಕ್ಕಿತು, ಮೊಟ್ಟೆಗೆ ಪರಿಹಾರವಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆಗಾಗಲಿ ಗೂಡಿಗಾಗಲಿ ತೊಂದರೆ ಕೊಡುವುದನ್ನೂ ಬೇಟೆಯ ಅರ್ಥದಲ್ಲಿಯೇ ಸೇರಿಸಿದೆ ಎಂಬುದು ನಮಗೆ ಅನಂತರ ತಿಳಿಯಿತು. ಕಾನೂನು ತಿಳಿಯದಿದ್ದರೂ ಹಕ್ಕಿಗಳ ಕೂಗು ತಿಳಿದಿತ್ತಲ್ಲವೇ?

ಆ ಚಿತ್ರವನ್ನು ನಾವು ಅಳಿಸಲಿಲ್ಲ. ಅಚ್ಚು ಹಾಕಿಸಿ ಚಿಕಿತ್ಸಾಲಯದ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇವೆ. "ಸಿಹಿ ತಿನ್ನಬಾರದೂಂತ ಗೊತ್ತೈತ್ರೀ, ಕೈ ಕೇಳಂಗಿಲ್ಲ" ಎನ್ನುವ ರೋಗಿಗಳನ್ನು ನಾವು ಈಗ ಗದರುವುದಿಲ್ಲ. ಆ ಚಿತ್ರವನ್ನು ತೋರಿಸಿ, "ನಮ್ಮ ಕೈಯೂ ಕೇಳಿರಲಿಲ್ಲ" ಎಂದು ಹೇಳಿ, ಅಲ್ಲಿಂದ ಮಾತು ಆರಂಭಿಸುತ್ತೇವೆ.

ನೀರಿಗಿಳಿಯುವವರಿಗೆ ಕೆಲವು ಸೂಚನೆಗಳು

1. ಈಜು ಬಲ್ಲವರೂ ಲೈಫ್ ಜಾಕೆಟ್ ಧರಿಸಲೇಬೇಕು. ಒಬ್ಬರೇ ಹೋಗಬಾರದು. ಗಾಳಿ ಎದ್ದರೆ, ಮೋಡ ಕವಿದರೆ ನೀರಿಗಿಳಿಯಬಾರದು. ಅಭಯಾರಣ್ಯ, ಪಕ್ಷಿಧಾಮಗಳಲ್ಲಿ ಸ್ವಂತ ದೋಣಿಯನ್ನು ಇಳಿಸಕೂಡದು. ರಂಗನತಿಟ್ಟಿನಂತಹ ಕಡೆ ಅರಣ್ಯ ಇಲಾಖೆಯ ದೋಣಿಗಳಿವೆ.

2. ಹೃದ್ರೋಗ, ಮೂರ್ಛೆರೋಗ, ತಲೆಸುತ್ತು ಇರುವವರೂ ಗರ್ಭಿಣಿಯರೂ ಕಯಾಕ್ ಏರುವುದು ಬೇಡ. ಅವರಿಗೆ ಕೆರೆಯ ಏರಿಯೇ ಉತ್ತಮ.

3. ಮಧುಮೇಹಿಗಳು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ಹೊರಡಬಾರದು. ಕೈನಡುಕ, ತಣ್ಣನೆಯ ಬೆವರು, ಗಲಿಬಿಲಿ ಕಂಡರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು, ಬಳಿಕ ಆಹಾರ ಸೇವಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.

4. ಹುಟ್ಟನ್ನು ತೋಳಿನಿಂದ ಎಳೆಯುವುದಕ್ಕಿಂತ ಸೊಂಟದ ಮೇಲಿನ ಭಾಗವನ್ನು ತಿರುಗಿಸಿ ಹಾಕಿದರೆ ಭುಜಕ್ಕೆ ನೋವಾಗದು. ಬೆನ್ನು ನೇರ, ಮೊಣಕಾಲು ತುಸು ಮಡಿಚಿರಲಿ. ಮನೆಗೆ ಬಂದು ವಿಶ್ರಮಿಸಿ, ಭುಜ, ಬೆನ್ನುಗಳಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ಸವರಿ ಬಿಸಿನೀರಿನ ಸ್ನಾನ ಮಾಡಬೇಕು. ಊಟವಾದ ಕೂಡಲೇ ಅಭ್ಯಂಗ ಸಲ್ಲದು.

5. ಚಿತ್ರದ ಆಸೆಗೆ ಮೂತ್ರ, ಹಸಿವು, ಬಾಯಾರಿಕೆಗಳನ್ನು ತಡೆಯಬಾರದು. ತಡೆಯಬಾರದ ವೇಗಗಳೆಂದು ಆಯುರ್ವೇದ ಎಣಿಸಿದ ಹದಿಮೂರರಲ್ಲಿ ಇವು ಮೂರೂ ಸೇರಿವೆ.

6. ಕಾಲಿನಲ್ಲಿ ಗಾಯವಿದ್ದರೆ ಕೆಸರು ನೀರಿಗೆ ಇಳಿಯಬಾರದು. ಇಲಿಜ್ವರದ ರೋಗಾಣು ಗಾಯದ ಮೂಲಕ ದೇಹವನ್ನು ಸೇರುತ್ತದೆ. ನೀರಿಗಿಳಿದ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರನ್ನು ಕಂಡು, ನೀರಿಗಿಳಿದ ಸಂಗತಿಯನ್ನು ತಿಳಿಸಬೇಕು. ಸತ್ತುಬಿದ್ದ ಹಕ್ಕಿಗಳನ್ನು ಮುಟ್ಟದೆ ಪಶುವೈದ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು.

7. ಹಕ್ಕಿ ಮೇಯುವುದನ್ನು ಬಿಟ್ಟು ತಲೆಯೆತ್ತಿ ನಮ್ಮನ್ನು ನೋಡಿತೆಂದರೆ ಅದೇ ಗಡಿ. ಅಲ್ಲಿಯೇ ಹುಟ್ಟು ಎತ್ತಬೇಕು. ಕೂಗುತ್ತ ನಮ್ಮ ಮೇಲೆ ಎರಗಿದರೆ ಮೊಟ್ಟೆಯೋ ಮರಿಯೋ ಇದೆಯೆಂದು ಅರಿತು ಹಿಂದಿರುಗಬೇಕು. ದೂರದರ್ಶಕ ಕೊಳ್ಳಬಲ್ಲವರು ಕ್ಯಾಮೆರಾಗಿಂತ ಮೊದಲು ಅದನ್ನು ಕೊಳ್ಳಲಿ.

ಏರಿಯ ಮೇಲೊಂದು ಗಂಟೆ

ನಮ್ಮ ಓದುಗರಲ್ಲಿ ಬಹುಮಂದಿಗೆ ಕಯಾಕ್ ಬೇಕಿಲ್ಲ. ಊರ ಕೆರೆಯ ಏರಿಯಿದೆ. ಮೊಮ್ಮಗನ ಕೈಹಿಡಿದು ಬೆಳಗಿನ ಒಂದು ಗಂಟೆ ಅಲ್ಲಿ ನಡೆಯಿರಿ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ನಾಮದ ಕೋಳಿಗಳನ್ನು ಹೆಸರಿಟ್ಟು ತೋರಿಸಿರಿ. ದಡದಲ್ಲಿ ಬಿದ್ದ ತುಂಡು ಬಲೆ, ಪ್ಲಾಸ್ಟಿಕ್ ದಾರಗಳನ್ನು ಆಯ್ದು ತನ್ನಿರಿ; ಹಕ್ಕಿಗಳ ಕಾಲಿಗೆ ಅವೇ ಉರುಳು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಮಗಳಂತೆ ಆ ಊರಿನವರು ಅವನ್ನು ಕಾಣುತ್ತಾರೆ. ಅಂತಹ ಊರುಗಳು ಹೆಚ್ಚಲಿ.

ಮರುವರ್ಷವೂ ಆ ದಿಬ್ಬ ಮೇಲೆದ್ದಿತು, ರೀವಗಳೂ ಬಂದವು. ನಾವು ದೂರದ ದಡದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ದೂರದರ್ಶಕದಲ್ಲಿ ನೋಡಿದೆವು. ಬಿಸಿಲು ಏರಿದಾಗ ಒಂದು ಹಕ್ಕಿ ನೀರಿಗೆ ಬಂದು ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಮತ್ತೆ ಗುಳಿಯ ಮೇಲೆ ಹೋಗಿ ಕುಳಿತಿತು. ಮೊಟ್ಟೆಗೆ ತಂಪು ಕೊಡುವ ಉಪಾಯ ಅದು. ಕೆಲವು ವಾರಗಳ ಬಳಿಕ ಮರಳಿನ ಬಣ್ಣದ ಮರಿಗಳು ಓಡಾಡಿದವು. ಎಷ್ಟೆಂದು ಎಣಿಸಲಾಗಲಿಲ್ಲ, ಅಷ್ಟು ದೂರವಿದ್ದೆವು. ಪಕ್ಕದಲ್ಲಿ ಕುಳಿತಿದ್ದ ಆ ವೃದ್ಧರು, "ಫೋಟೋ ತಗೀಲಿಲ್ಲೇನ್ರೀ?" ಎಂದು ಕೇಳಿದರು. "ಈ ವರ್ಷ ಬ್ಯಾಡ ಅಂದ್ವಿ" ಎಂದೆವು. ಅವರು ತಲೆದೂಗಿ, ರೊಟ್ಟಿಯ ಗಂಟು ಬಿಚ್ಚಿದರು. ಅಂದು ನಾವೂ ಮನೆಯಿಂದ ಬುತ್ತಿ ಒಯ್ದಿದ್ದೆವು. ಎಂಟು ಗಂಟೆಯಾಗಿತ್ತು; ಹಂಚಿಕೊಂಡು ಉಂಡೆವು.